ಶಿರಾಡಿ ಹತ್ತುವಾಗ ನಿಲ್ಲುವ ಹಳೇ ಲಾರಿ: ಯಾವ ಡೀಸೆಲ್ ಫಿಲ್ಟರ್ ಹಾಕಬೇಕು?

ಪ್ರಶ್ನೆ – ಲಾರಿ ಮಾಲೀಕರು, ಬೈಕಂಪಾಡಿ

ನಮಸ್ಕಾರ ಅಣ್ಣ. ನಮ್ಮದು 2006ರ ಟಾಟಾ 1613, ಮೈಕೋ ಪಂಪಿನ (ಎಂಜಿನ್‌ಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪ್) ಗಾಡಿ. ಪಣಂಬೂರಿನಿಂದ ಹಾಸನಕ್ಕೆ ಗೊಬ್ಬರದ ಲೋಡ್ ಹೊಡೆಯುತ್ತೇವೆ. ಮಳೆ ಶುರುವಾದ ಮೇಲೆ ಒಂದೇ ತೊಂದರೆ. ಗುಂಡ್ಯದವರೆಗೆ ಚೆನ್ನಾಗಿ ಹೋಗುತ್ತದೆ. ಶಿರಾಡಿ ಹತ್ತುವಾಗ ಪಿಕಪ್ ಬಿದ್ದುಹೋಗುತ್ತದೆ. ಎಕ್ಸಲೇಟರ್ ಪೂರ್ತಿ ಒತ್ತಿದರೂ ಎಂಜಿನ್ ಏಳುವುದಿಲ್ಲ, ಕೊನೆಗೆ ಬಂದ್. ಕ್ಲೀನರ್ ಇಳಿದು ಹ್ಯಾಂಡ್ ಪಂಪ್ ಹೊಡೆದರೆ ಮತ್ತೆ ಎರಡು ಕಿಲೋಮೀಟರ್ ಓಡುತ್ತದೆ, ಆಮೇಲೆ ಅದೇ ಕತೆ. ಕಳೆದ ವಾರ ರಾತ್ರಿ ಹನ್ನೊಂದಕ್ಕೆ ಸುರಿಯುವ ಮಳೆಯಲ್ಲಿ ತಿರುವಿನಲ್ಲೇ ನಿಂತಿತು. ಹಿಂದೆ ಬಸ್ಸುಗಳ ಸಾಲು. ತುಂಬಾ ಹೆದರಿದೆವು.

ಎರಡು ತಿಂಗಳಲ್ಲಿ ಮೂರು ಸಲ ಫಿಲ್ಟರ್ ಬದಲಿಸಿದ್ದೇನೆ. ಬಿಚ್ಚಿದಾಗಲೆಲ್ಲ ಒಳಗೆ ಕೆಂಪು ಕೆಸರು. ಒಬ್ಬರು ಹೇಳುತ್ತಾರೆ, 2 ಮೈಕ್ರಾನ್‌ನ (ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿನಷ್ಟು ಸಣ್ಣ ಕಣವನ್ನೂ ಹಿಡಿಯುವ) ದೊಡ್ಡ ಫಿಲ್ಟರ್ ತಂದು ಟ್ಯಾಂಕಿನ ಪಕ್ಕ ಹಾಕಿ ಅಂತ. ಇನ್ನೊಬ್ಬರು, ಇರುವ ಎರಡರಲ್ಲಿ ಒಂದನ್ನು ತೆಗೆದುಬಿಡಿ, ಡೀಸೆಲ್ ಸಲೀಸಾಗಿ ಬರುತ್ತದೆ ಅಂತ. ಯಾರ ಮಾತು ಕೇಳಲಿ?

ಉತ್ತರ – ಡೀಸೆಲ್ ಪಂಪ್ ಮೆಕ್ಯಾನಿಕ್, ಉಡುಪಿ

ಎರಡೂ ಬೇಡ ಮಾರಾಯ್ರೆ. ದಯವಿಟ್ಟು ಬೇಡ. ಮೊದಲು ಆ ಕೆಂಪು ಕೆಸರು ಎಲ್ಲಿಂದ ಬರುತ್ತದೆ ಅಂತ ನೋಡೋಣ.

ಕೆಂಪು ಅಂದರೆ ತುಕ್ಕು. ತುಕ್ಕು ಅಂದರೆ ಟ್ಯಾಂಕಿನ ತಳದಲ್ಲಿ ನೀರು ಉಂಟು. ನಮ್ಮ ಕರಾವಳಿಯ ಗಾಳಿಯಲ್ಲಿ ಯಾವಾಗಲೂ ಪಸೆ ಇರುತ್ತದೆ. ಅರ್ಧ ಖಾಲಿ ಟ್ಯಾಂಕ್ ಇಟ್ಟು ರಾತ್ರಿ ಗಾಡಿ ನಿಲ್ಲಿಸಿದರೆ ಒಳಗಿನ ಗಾಳಿ ತಣ್ಣಗಾಗಿ ಕಬ್ಬಿಣದ ಮೇಲೆ ಬೆವರಿನ ಹಾಗೆ ನೀರು ಕೂರುತ್ತದೆ. ಡೀಸೆಲ್‌ಗಿಂತ ನೀರು ಭಾರ, ಅದು ಕೆಳಗೆ ಇಳಿದು ಅಲ್ಲೇ ಉಳಿಯುತ್ತದೆ. ಟ್ಯಾಂಕ್ ಮುಚ್ಚಳದ ರಬ್ಬರ್ ಒಡೆದಿದ್ದರೆ ಮಳೆ ನೀರು ನೇರವಾಗಿಯೇ ಒಳಗೆ. ಘಾಟಿಯಲ್ಲಿ ಗಾಡಿ ಹಿಂದಕ್ಕೆ ವಾಲಿದಾಗ, ತಿರುವಿನಲ್ಲಿ ಡೀಸೆಲ್ ಅಲುಗಾಡಿದಾಗ, ತಳದ ಗಲೀಜೆಲ್ಲ ಎದ್ದು ಪೈಪಿನ ಬಾಯಿಗೆ ಬರುತ್ತದೆ. ಸಪಾಟು ರಸ್ತೆಯಲ್ಲಿ ಸುಮ್ಮನಿರುವ ಲಾರಿ ಶಿರಾಡಿಯಲ್ಲಿ ನಿಲ್ಲುವುದು ಇದಕ್ಕೇ. ಅದರ ಮೇಲೆ ಲೋಡ್ ಎಳೆಯುವಾಗ ಎಂಜಿನ್‌ಗೆ ಡೀಸೆಲ್ ಜಾಸ್ತಿ ಬೇಕು, ಬರುವುದು ಕಡಿಮೆ.

ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಒಂದು ಕೆಲಸ ಮಾಡಿ. ರಾತ್ರಿಯಿಡೀ ಅಲುಗಾಡದೆ ನಿಂತಿರಬೇಕು ಗಾಡಿ. ಟ್ಯಾಂಕಿನ ಕೆಳಗಿನ ಡ್ರೈನ್ ಬೋಲ್ಟ್ ನಿಧಾನ ಸಡಿಲಿಸಿ, ಅರ್ಧ ಲೀಟರ್ ಗಾಜಿನ ಬಾಟಲಿಗೆ ಹಿಡಿಯಿರಿ. ಬಾಟಲಿಯನ್ನು ಕಿಟಕಿಯ ಬೆಳಕಿನಲ್ಲಿ ಹತ್ತು ನಿಮಿಷ ಇಡಿ. ನೀರಿದ್ದರೆ ತಳದಲ್ಲಿ ಬೇರೆಯೇ ಪದರ ಕಾಣುತ್ತದೆ, ನಡುವೆ ಗೆರೆ ಎಳೆದ ಹಾಗೆ. ಆ ಗೆರೆಯ ಮೇಲೆ ಕಪ್ಪು ಲೋಳೆ ಇದ್ದರೆ ಅದು ನೀರು ಮತ್ತು ಡೀಸೆಲ್ ಸೇರುವಲ್ಲಿ ಬೆಳೆಯುವ ಸೂಕ್ಷ್ಮಜೀವಿ. ಫಿಲ್ಟರ್‌ನ ಕಾಗದಕ್ಕೆ ಅದು ಅಂಟಿನ ಹಾಗೆ ಹಿಡಿಯುತ್ತದೆ. ತಳದ ಗಸಿಯನ್ನು ಬೆರಳಿನಲ್ಲಿ ತಿಕ್ಕಿ ನೋಡಿ. ನುಣ್ಣಗಿನ ಮರಳಿನ ಹಾಗೆ ಸಿಕ್ಕಿದರೆ ಟ್ಯಾಂಕ್ ಒಳಗಿಂದ ಉದುರುತ್ತಾ ಉಂಟು.

ಪಂಪಿನ ಬಗ್ಗೆ ನಾನು ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಮೈಕೋ ಪಂಪಿನ ಎಲಿಮೆಂಟ್‌ನಲ್ಲಿ ಪ್ಲಂಜರ್‌ಗೂ (ಮೇಲೆ ಕೆಳಗೆ ಆಡುವ ಕಡ್ಡಿ) ಬ್ಯಾರೆಲ್‌ಗೂ (ಅದು ಆಡುವ ಕೊಳವೆ) ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್ ಮಾತ್ರ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಆ ಸಂದಿಗೆ ಎಣ್ಣೆ ಬೇರೆ ಇಲ್ಲ, ಡೀಸೆಲ್ಲೇ ಎಣ್ಣೆ. ನೀರು ಬಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಆರು ಸಿಲಿಂಡರ್‌ಗೆ ಆರು ಎಲಿಮೆಂಟ್, ಡೀಸೆಲ್ ಚಿಮ್ಮಿಸುವ ಆರು ನೋಸಲ್. ಗೀರು ಬಿದ್ದ ಎಲಿಮೆಂಟ್ ಕೈಯಲ್ಲಿ ಹಿಡಿದಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಅದನ್ನು ರಿಪೇರಿ ಮಾಡಲು ಬರುವುದಿಲ್ಲ, ಹೊಸದೇ ಹಾಕಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ (ಮೈಕೋ ಪಂಪಿಗೆ ಡೀಸೆಲ್ ಒದಗಿಸುವ ಸಣ್ಣ ಪಂಪ್) ಡೀಸೆಲ್ ಎಳೆದುಕೊಂಡು ಬರುತ್ತದೆ. ಫೀಡ್ ಪಂಪಿನ ಆಚೆ ಅದನ್ನು ತಳ್ಳಲಾಗುತ್ತದೆ. ಎಳೆಯುವ ಕಡೆ 2 ಮೈಕ್ರಾನ್ ಫಿಲ್ಟರ್ ಹಾಕಿದರೆ ಫೀಡ್ ಪಂಪ್ ಉಸಿರು ಕಟ್ಟುತ್ತದೆ, ಸಣ್ಣ ಸಂದು ಸಿಕ್ಕಿದರೂ ಗಾಳಿ ಎಳೆಯುತ್ತದೆ. ಅಲ್ಲಿ ಹಾಕಬೇಕಾದ್ದು ಡೀಸೆಲ್‌ನಿಂದ ನೀರು ಬೇರೆ ಮಾಡುವ ವಾಟರ್ ಸೆಪರೇಟರ್. ಒಳಗಿನ ಸೋಸುವ ಎಲಿಮೆಂಟ್ 30 ಮೈಕ್ರಾನ್ ಸಾಕು. ನೀರು, ದಪ್ಪ ತುಕ್ಕು ಅಲ್ಲೇ ಬಟ್ಟಲಿನಲ್ಲಿ ಕೂರಬೇಕು, ಅಷ್ಟೇ ಅದರ ಕೆಲಸ. ನಯವಾಗಿ ಸೋಸುವ ಕೆಲಸ ಎಂಜಿನ್ ಪಕ್ಕದ ಜೋಡಿ ಫಿಲ್ಟರ್‌ದು. ಮೊದಲನೆಯದು ಬಟ್ಟೆಯದ್ದು, ಎರಡನೆಯದು ಕಾಗದದ್ದು. ಒಳ್ಳೇ ಲೆಕ್ಕ ಹಾಕಿ ಮಾಡಿದ ವ್ಯವಸ್ಥೆ ಅದು. ಒಂದನ್ನು ತೆಗೆದರೆ ಗಾಡಿ ನಾಲ್ಕು ದಿನ ಚೆನ್ನಾಗಿ ಓಡಬಹುದು, ಆಮೇಲೆ ಪಂಪ್ ಬಿಚ್ಚಬೇಕು. ಕಾಗದದ ಎಲಿಮೆಂಟ್ ತೊಳೆದು, ಗಾಳಿ ಹೊಡೆದು ಮತ್ತೆ ಹಾಕುವವರಿದ್ದಾರೆ. ಅದೂ ಬೇಡ. ಕಾಗದ ಹರಿದದ್ದು ಕಣ್ಣಿಗೆ ಕಾಣುವುದಿಲ್ಲ.

ಸೆಪರೇಟರ್ ಕೊಳ್ಳುವಾಗ ಎರಡು ವಿಷಯ ನೋಡಿ. ಪೈಪ್ ಕೂರುವ ತೂತು ನಿಮ್ಮ ಹಳೇ ಪೈಪಿಗಿಂತ ಸಣ್ಣದಾಗಬಾರದು. ಗಂಟೆಗೆ ಎಷ್ಟು ಲೀಟರ್ ಹರಿಯುತ್ತದೆ ಅನ್ನುವುದು ಎಂಜಿನ್ ಸುಡುವ ಲೆಕ್ಕಕ್ಕಲ್ಲ, ಫೀಡ್ ಪಂಪ್ ತಳ್ಳುವ ಲೆಕ್ಕಕ್ಕೆ ಸರಿಯಾಗಬೇಕು. ಫೀಡ್ ಪಂಪ್ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ತಳ್ಳುತ್ತದೆ, ಉಳಿದದ್ದು ಟ್ಯಾಂಕಿಗೆ ವಾಪಸ್. ಚಾಸಿಯ ಒಳಬದಿಗೆ ಕೂರಿಸಿ, ಚಕ್ರದ ಕೆಸರು ಹಾರದ ಕಡೆ, ಸೈಲೆನ್ಸರ್‌ನಿಂದ ದೂರ. ಕೆಳಗಿನ ಡ್ರೈನ್ ಸ್ಕ್ರೂಗೆ ಕೈ ಹೋಗಬೇಕು. ಕೈ ಹೋಗದಿದ್ದರೆ ಯಾರೂ ತೆಗೆಯುವುದಿಲ್ಲ, ಇದು ನನ್ನ ಅನುಭವ. ಜಿಐ (ಸತುವು ಬಳಿದ ಕಬ್ಬಿಣದ) ಫಿಟ್ಟಿಂಗ್ ಹಾಕಿಸಬೇಡಿ, ಸತುವು ಡೀಸೆಲ್ ಜೊತೆ ಸೇರಿದರೆ ಗಸಿ ಕಟ್ಟುತ್ತದೆ.

ಆದರೆ ಟ್ಯಾಂಕ್ ತೊಳೆಯದೆ ಇದೆಲ್ಲ ಹಾಕಿ ಪ್ರಯೋಜನವಿಲ್ಲ. ಟ್ಯಾಂಕ್ ಇಳಿಸಿ, ಬಿಸಿ ನೀರಿನಲ್ಲಿ ತೊಳೆಸಿ, ಪೂರ್ತಿ ಒಣಗಿಸಿ. ಒಳಗಿನ ಪೈಪಿನ ಬಾಯಿಯ ಜಾಳಿಗೆ ನೋಡಿ. ಟ್ಯಾಂಕ್ ತೂತಾಗಿದ್ದರೆ ಅದನ್ನೇ ಬದಲಿಸಿ. ಡೀಸೆಲ್ ಇದ್ದ ಟ್ಯಾಂಕಿಗೆ ಸಿಕ್ಕಿದಲ್ಲಿ ವೆಲ್ಡಿಂಗ್ ಮಾಡಿಸಬೇಡಿ. ಖಾಲಿ ಅಂತ ಕಂಡರೂ ಒಳಗೆ ಆವಿ ಇರುತ್ತದೆ, ಸ್ಫೋಟವಾಗುತ್ತದೆ.

ಮಲ್ಪೆಯಿಂದ, ಬೋಟ್ ಎಂಜಿನ್ ಕೆಲಸದವರು

ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಬೋಟ್‌ಗಳಲ್ಲಿ ಸೆಪರೇಟರ್ ಇಲ್ಲದೆ ಕಡಲಿಗೆ ಇಳಿಯುವುದೇ ಇಲ್ಲ. ಮಧ್ಯ ಕಡಲಲ್ಲಿ ನಿಂತರೆ ಹ್ಯಾಂಡ್ ಪಂಪ್ ಹೊಡೆಯಲು ಪುರುಸೊತ್ತು ಎಲ್ಲಿ? ಒಂದು ಮಾತು ಸೇರಿಸುತ್ತೇನೆ. ಹೊಸ ಕಾಪರ್ ವಾಷರ್ ಹಾಕದೆ ಬ್ಯಾಂಜೋ ಬೋಲ್ಟ್ (ಪೈಪ್ ಜೋಡಿಸುವ ಟೊಳ್ಳು ಬೋಲ್ಟ್) ಬಿಗಿ ಮಾಡಬೇಡಿ. ಎಳೆಯುವ ಕಡೆ ಲೀಕ್ ಇದ್ದರೆ ಡೀಸೆಲ್ ಹೊರಗೆ ಸುರಿಯುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಣಗಿದ ಹಾಗೇ ಕಾಣುತ್ತದೆ.

ಉಡುಪಿ ಮೆಕ್ಯಾನಿಕ್

ಹೌದು, ಇದನ್ನು ಹೇಳಲು ಬಿಟ್ಟುಹೋಗಿತ್ತು. ಬೈಕಂಪಾಡಿಯವರೇ, ಹೊಸದು ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿ. ಫೀಡ್ ಪಂಪಿಗೆ ಬರುವ ಪೈಪ್ ಕಳಚಿ. ಐದು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ಇಟ್ಟು, ಪಾರದರ್ಶಕ ಹೋಸ್ ಒಂದರಲ್ಲಿ ಫೀಡ್ ಪಂಪಿಗೆ ಕೊಡಿ. ಯಾರ್ಡ್‌ನಲ್ಲಿ ನಿಲ್ಲಿಸಿಯೇ ಮಾಡಿ, ರಸ್ತೆಗೆ ಇಳಿಸಬೇಡಿ. ಬೀಡಿ ಹಚ್ಚುವವರು ಹತ್ತಿರ ಬರಬಾರದು. ರೇಸ್ ಕೊಟ್ಟಾಗ ಎಂಜಿನ್ ಚೆನ್ನಾಗಿ ಎದ್ದರೆ ತೊಂದರೆ ಟ್ಯಾಂಕ್ ಅಥವಾ ಪೈಪಿನಲ್ಲಿ. ಆಮೇಲೆ ಹಳೇ ಪೈಪಿಗೇ ಆ ಪಾರದರ್ಶಕ ಹೋಸ್ ಸೇರಿಸಿ ನೋಡಿ. ಸೋಡಾದ ಹಾಗೆ ಗುಳ್ಳೆ ಬಂದರೆ ಎಲ್ಲೋ ಗಾಳಿ ಎಳೆಯುತ್ತಾ ಉಂಟು. ಡೀಸೆಲ್‌ನಲ್ಲಿ ಗಂಧಕ 2020ರ ಏಪ್ರಿಲ್‌ನಿಂದ 10 ಪಿಪಿಎಂಗೆ (ಹತ್ತು ಲಕ್ಷದಲ್ಲಿ ಹತ್ತು ಪಾಲು) ಇಳಿದಿದೆ. ಹಳೇ ಡೀಸೆಲ್‌ಗೆ ಒಗ್ಗಿದ ರಬ್ಬರ್ ಹೋಸ್, ಓ ರಿಂಗ್ ಇದರಲ್ಲಿ ಗಟ್ಟಿಯಾಗಿ ಸಂಕುಚಿಸಬಹುದು. 2006ರ ರಬ್ಬರ್ ಇನ್ನೂ ಇದ್ದರೆ ಎಲ್ಲ ಬದಲಿಸಿ, ಅದೇನೂ ದೊಡ್ಡ ಖರ್ಚಲ್ಲ.

ಪ್ರಶ್ನೆ – ಕಾರ್ಕಳದಿಂದ, ಪಿಕಪ್ ಚಾಲಕರು

ನಮ್ಮದು 2018ರ ಕಾಮನ್ ರೈಲ್ (ಎಲ್ಲ ಸಿಲಿಂಡರ್‌ಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಹೋಗುವ) ಗಾಡಿ. ಅದಕ್ಕೂ ಇದೇ ಸೆಪರೇಟರ್ ಹಾಕಬಹುದಾ?

ಉತ್ತರ

ಸುಮ್ನೆ ಕೈ ಹಾಕಬೇಡಿ. ಅದರಲ್ಲಿ ಒತ್ತಡ ಸಾವಿರ ಬಾರ್‌ಗಿಂತಲೂ ಮೇಲೆ. ಕಂಪನಿ ಹೇಳಿದ ಫಿಲ್ಟರ್ರೇ ಹಾಕಿ, ಡ್ಯಾಶ್‌ಬೋರ್ಡ್‌ನಲ್ಲಿ ಡೀಸೆಲ್‌ಗೆ ನೀರು ಸೇರಿದೆ ಅನ್ನುವ ದೀಪ ಬಂದರೆ ಕೂಡಲೇ ಡ್ರೈನ್ ಮಾಡಿ.

ಪ್ರಶ್ನೆ – ಮೂಲ್ಕಿಯಿಂದ

ನೀರು ಬಂಕಿನಲ್ಲೇ ಸೇರಿರಬಹುದಲ್ವಾ?

ಉತ್ತರ

ಸೇರಿರಬಹುದು, ಮಳೆಗಾಲದಲ್ಲಿ ನೆಲದಡಿಯ ಟ್ಯಾಂಕಿಗೆ ನೀರು ಇಳಿಯುವುದುಂಟು. ಆದರೆ ನಿಮ್ಮ ಟ್ಯಾಂಕ್ ನೋಡದೆ ಬಂಕಿನವರ ಮೇಲೆ ತಪ್ಪು ಹಾಕಬೇಡಿ. ಅನುಮಾನ ಇದ್ದರೆ ಬಂಕಿನಲ್ಲಿ ಸಾಂದ್ರತೆ ಅಳೆದು ತೋರಿಸಿ ಅಂತ ಕೇಳಿ, ಅದು ಗ್ರಾಹಕನ ಹಕ್ಕು. ಟ್ಯಾಂಕರ್‌ನಿಂದ ಇಳಿಸುತ್ತಿರುವಾಗ ಮಾತ್ರ ಹಾಕಿಸಬೇಡಿ, ತಳ ಕದಡಿರುತ್ತದೆ.

ಬೈಕಂಪಾಡಿ ಮಾಲೀಕರು, ಹದಿನೈದು ದಿನದ ನಂತರ

ಅಣ್ಣ, ಬಾಟಲಿಗೆ ಹಿಡಿದಾಗ ಮುಕ್ಕಾಲು ಪಾಲು ನೀರೇ. ನೋಡಿ ಬಾಯಿಗೆ ಮಾತೇ ಬರಲಿಲ್ಲ. ಟ್ಯಾಂಕ್ ಇಳಿಸಿದೆವು. ತಳದಲ್ಲಿ ಅಂಗೈ ಅಗಲಕ್ಕೆ ತುಕ್ಕಿನ ಹೊಪ್ಪಳೆ ಎದ್ದಿತ್ತು, ಮುಚ್ಚಳದ ರಬ್ಬರ್ ಅರ್ಧ ಇರಲೇ ಇಲ್ಲ. ಹೋಸ್‌ನಲ್ಲಿ ಗುಳ್ಳೆಯೂ ಬಂತು, ಬ್ಯಾಂಜೋದ ಹತ್ತಿರ. ಎಲ್ಲ ಬದಲಿಸಿ ಸೆಪರೇಟರ್ ಹಾಕಿಸಿದೆ. ಮೊನ್ನೆ ಪೂರ್ತಿ ಲೋಡಿನಲ್ಲಿ ಶಿರಾಡಿ ಹತ್ತಿಸಿದೆವು, ಎಲ್ಲೂ ನಿಲ್ಲಲಿಲ್ಲ. ಸಕಲೇಶಪುರದಲ್ಲಿ ಚಹಾ ಕುಡಿಯುವಾಗ ಡ್ರೈವರ್ ಮುಖ ನೋಡಬೇಕಿತ್ತು! ಈಗ ಒಂದು ಸಂಶಯ. ಹೊಸ ಫಿಲ್ಟರ್ ಹಾಕುವಾಗ ಒಳಗೆ ಡೀಸೆಲ್ ತುಂಬಿಸಿ ಹಾಕಬೇಕಾ? ನೀರು ಎಷ್ಟು ದಿನಕ್ಕೊಮ್ಮೆ ಬಿಡಬೇಕು?

ಉತ್ತರ – ಉಡುಪಿ ಮೆಕ್ಯಾನಿಕ್

ತುಂಬಾ ಖುಷಿಯಾಯಿತು ಮಾರಾಯ್ರೆ. ರಾತ್ರಿ ಘಾಟಿಯಲ್ಲಿ ನಿಂತ ಲಾರಿ ಅಂದರೆ ಹಿಂದೆ ಬರುವವರ ಜೀವಕ್ಕೂ ಭಯ.

ಎರಡನೇ ಫಿಲ್ಟರ್‌ಗೆ ಮೇಲಿಂದ ಡೀಸೆಲ್ ಸುರಿಯಬೇಡಿ. ಸೋಸದ ಡೀಸೆಲ್ ನೇರ ಪಂಪಿಗೆ ಹೋದ ಹಾಗಾಗುತ್ತದೆ. ಖಾಲಿಯೇ ಕೂರಿಸಿ, ಹ್ಯಾಂಡ್ ಪಂಪ್ ಹೊಡೆದು ತುಂಬಿಸಿ. ಮೊದಲ ಫಿಲ್ಟರ್‌ನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ಸ್ಕ್ರೂ) ಸಡಿಲಿಸಿ, ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ. ಆಮೇಲೆ ಎರಡನೆಯದು, ಕೊನೆಗೆ ಪಂಪಿನದ್ದು. ಕೈ ನೋಯುತ್ತದೆ, ಆದರೂ ಅವಸರ ಬೇಡ.

ಮಳೆ ಬಿಡುವವರೆಗೆ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಸೆಪರೇಟರ್‌ನ ಸ್ಕ್ರೂ ಬಿಡಿ. ನೀರು ಮುಗಿದು ಬರೀ ಡೀಸೆಲ್ ಬಂದ ಕೂಡಲೇ ಮುಚ್ಚಿ. ಬಿಟ್ಟದ್ದನ್ನು ಡಬ್ಬಿಗೆ ಹಿಡಿಯಿರಿ, ಚರಂಡಿಗೆ ಬೇಡ. ಡ್ರೈನ್ ಮಾಡಿದ ಮೇಲೆ ಎರಡು ಸಲ ಹ್ಯಾಂಡ್ ಪಂಪ್ ಹೊಡೆದು ಸ್ಟಾರ್ಟ್ ಮಾಡಿ. ದೀಪಾವಳಿ ಕಳೆದ ಮೇಲೆ ವಾರಕ್ಕೊಮ್ಮೆ ಸಾಕು. ಸಂಜೆ ಗಾಡಿ ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸುವ ಅಭ್ಯಾಸ ಮಾಡಿ, ಬೆಳಿಗ್ಗೆ ಹೊರಡುವಾಗ ಅಲ್ಲ. ಮುಂದಿನ ಆಯಿಲ್ ಬದಲಿಸುವಾಗ ಜೋಡಿ ಫಿಲ್ಟರ್ ಎರಡನ್ನೂ ಬದಲಿಸಿಬಿಡಿ. ಬಿಚ್ಚಿದ ಎಲಿಮೆಂಟಿನ ಫೋಟೋ ಇಲ್ಲಿ ಹಾಕಿ, ಕೆಂಪು ಇನ್ನೂ ಉಂಟಾ ನೋಡುತ್ತೇನೆ.