ಅಪ್‌ಡೇಟ್: ಮುತ್ತಜ್ಜನ ಸೇನಾ ದಾಖಲೆ ಸಿಕ್ಕಿತು

ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದ ನಮ್ಮ ಮುತ್ತಜ್ಜನ ದಾಖಲೆ ಎಲ್ಲಿ ಹುಡುಕಲಿ ಅಂತ ಮೂರು ವಾರದ ಹಿಂದೆ ಕೇಳಿದ್ದೆ. ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರಿಂಗ್ ಪಡೆ) ಅನ್ನೋದು ಬಿಟ್ಟರೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಪಟ್ಟಿ ಉಪಯೋಗಕ್ಕೆ ಬರಲಿಲ್ಲ. ಅದರಲ್ಲಿ ಇರೋದು ಯುದ್ಧಕಾಲದಲ್ಲಿ ತೀರಿಕೊಂಡವರ ಹೆಸರು. ಮುತ್ತಜ್ಜ ಊರಿಗೆ ವಾಪಸ್ ಬಂದವರು, ಅಲ್ವಾ?

ಕೆಲಸಕ್ಕೆ ಬಂದದ್ದು 'ಪದಕದ ಹಿಂಬದಿ ನೋಡಿ' ಎಂಬ ಸಲಹೆ. ಅಜ್ಜಿಯ ಟ್ರಂಕಿನಲ್ಲಿದ್ದ ಬರ್ಮಾ ಸ್ಟಾರ್ ಪದಕ ತೆಗೆದು ಮೆತ್ತಗೆ ಒರೆಸಿದೆ. ಮುತ್ತಜ್ಜನ ಸೇನಾ ನಂಬರು, ಹೆಸರು ಎರಡೂ ಕೊರೆದಿತ್ತು! ಬ್ರಿಟಿಷ್ ಸೈನಿಕರ ಸ್ಟಾರ್‌ಗಳಿಗೆ ಹೆಸರು ಹಾಕುತ್ತಿರಲಿಲ್ಲವಂತೆ, ಭಾರತೀಯರದಕ್ಕೆ ಹಾಕುತ್ತಿದ್ದರಂತೆ. ಇದು ನನಗೆ ಹೊಸ ವಿಷಯ.

ಆ ನಂಬರು, ತಂದೆಯ ಹೆಸರು, ಊರು ಬರೆದು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ರೆಕಾರ್ಡ್ಸ್ ಆಫೀಸಿಗೆ ಪತ್ರ ಹಾಕಿದೆ. ಮೊನ್ನೆ ಉತ್ತರ ಬಂತು. ಹೆಸರಿನ ಸ್ಪೆಲಿಂಗ್ ಪೂರ್ತಿ ಬೇರೆ ಇತ್ತು, ನಂಬರು ಇಲ್ಲದಿದ್ದರೆ ಸಿಗುತ್ತಲೇ ಇರಲಿಲ್ಲ. ಸೇರಿದ ದಿನ, ಬಿಟ್ಟ ದಿನ, ಎತ್ತರ, ಎಡಗೈ ಮೇಲಿನ ಮಚ್ಚೆ, ಎಲ್ಲಾ ಇದೆ. ಆ ಮಚ್ಚೆಯ ಸಾಲು ಓದಿದಾಗ ಅಜ್ಜಿ ಅತ್ತೇಬಿಟ್ಟರು.

ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.