ಅಪ್‌ಡೇಟ್: ಕಾಫಿ ಕಡ್ಡಿ ತಾಗಿದ್ದ ಅಪ್ಪನ ಕಣ್ಣು

ಮೂಡಿಗೆರೆ ತೋಟದಲ್ಲಿ ಚಿಗುರು ತೆಗೆಯುವಾಗ ಅಪ್ಪನ ಕಣ್ಣಿಗೆ ಕಾಫಿ ಕಡ್ಡಿ ತಾಗಿ ಕೆಂಪಾಗಿದೆ, ಮದ್ರಾಸ್ ಐ ಇರಬಹುದಾ ಅಂತ ಕೇಳಿದ್ದೆನಲ್ಲ, ಅಲ್ಲವೇ ಅಲ್ಲ. 'ಟಾರ್ಚ್ ಬೆಳಕು ಬಿಟ್ಟು ಕರಿಗುಡ್ಡೆ ನೋಡಿ' ಅಂದವರಿಗೆ ದೊಡ್ಡ ನಮಸ್ಕಾರ. ಸಾಸಿವೆ ಗಾತ್ರದ ಬೂದುಬಿಳಿ ಚುಕ್ಕೆ ಕಂಡಿತು. ಅವತ್ತೇ ಹಾಸನಕ್ಕೆ ಕರೆದುಕೊಂಡು ಹೋದೆವು.

ಡಾಕ್ಟರು ಜೋಮು ಬರುವ ಹನಿ ಹಾಕಿ, ಆ ಚುಕ್ಕೆ ಇದ್ದ ಹುಣ್ಣನ್ನು ಚೂರು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿಸಿದರು. ಫಂಗಸ್! ಗಿಡದ ಕಡ್ಡಿ, ಭತ್ತದ ಗರಿ ತಾಗಿದ ಕಣ್ಣಿಗೆ ಇದು ಬರುವುದುಂಟಂತೆ. ಫಂಗಸ್ ಕೊಲ್ಲುವ ನಟಾಮೈಸಿನ್ 5% ಹನಿ ಕೊಟ್ಟರು, ಶುರುವಿನಲ್ಲಿ ಗಂಟೆಗೊಂದು ಸಲ. ಬಾಟಲಿ ಚೆನ್ನಾಗಿ ಕುಲುಕಿಯೇ ಹಾಕಬೇಕು, ಇಲ್ಲದಿದ್ದರೆ ಮದ್ದೆಲ್ಲ ತಳದಲ್ಲೇ ಕೂತಿರುತ್ತೆ. ರಾತ್ರಿಯೆಲ್ಲ ಅಲಾರಂ ಇಟ್ಟುಕೊಂಡು ಹಾಕಿದ್ದು ಅಮ್ಮ.

ಮೊದಲು ಮನೆಮದ್ದು ಅಂತ ಹಾಕಿದ್ದ ನಂದಿಬಟ್ಟಲು ರಸದಿಂದ ಉರಿ ಜಾಸ್ತಿಯಾಯಿತು ಅಷ್ಟೇ. ನನಗೆ ಗೊತ್ತಿಲ್ಲದಿದ್ದ ವಿಷಯ: ಮೆಡಿಕಲ್ಲಿನಲ್ಲಿ ಚೀಟಿಯಿಲ್ಲದೆ ತರುವ ಕೆಲವು ಹನಿಗಳಲ್ಲಿ ಸ್ಟೆರಾಯ್ಡ್ ಇರುತ್ತೆ. ಕೆಂಪು ಇಳಿದ ಹಾಗೆ ಕಾಣುತ್ತೆ, ಒಳಗೆ ಫಂಗಸ್ ಮಾತ್ರ ಹಬ್ಬುತ್ತಾ ಹೋಗುತ್ತೆ.

ಈಗ ಹುಣ್ಣು ಒಣಗಿದೆ, ಸಣ್ಣ ಕಲೆ ಉಳಿದು ದೃಷ್ಟಿ ತುಸು ಮಂಜು. ತೋಟಕ್ಕೆ ಹೋಗುವಾಗ ಕನ್ನಡಕ ಕಡ್ಡಾಯ. ಮಳೆಗೆ ಹಬೆ ಕೂರುತ್ತೆ ಅಂತ ಗೊಣಗುತ್ತಾರೆ, ಆದರೂ ಹಾಕುತ್ತಾರೆ.