ಬಾಣ ಹೊಳೆಯಲ್ಲಿ ಈಜ್ತಿದೆ: ಗಾಡಿ ಜಿಪಿಎಸ್ ಬಗ್ಗೆ ಕಾರ್ ಎಲೆಕ್ಟ್ರಿಷಿಯನ್‌ಗೆ ಕೇಳಿ

ಪ್ರಶ್ನೆ (ಟ್ಯಾಕ್ಸಿ ಚಾಲಕ, ಹಾಸನ):
ಅಣ್ಣ, ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಗಾಡಿಯ ಕಂಪನಿ ಸ್ಟೀರಿಯೊ ತೆಗೆಸಿ ಒಂಬತ್ತಿಂಚಿನ ಆಂಡ್ರಾಯ್ಡ್ ಸೆಟ್ ಹಾಕಿಸಿದೆ. ಹಾಡು, ರಿವರ್ಸ್ ಕ್ಯಾಮೆರಾ ಎಲ್ಲಾ ಚೆನ್ನಾಗಿದೆ, ಜಿಪಿಎಸ್ ಒಂದೇ ತಲೆನೋವು. ಬೆಳಗ್ಗೆ ಗಾಡಿ ತೆಗೆದರೆ ಹತ್ತು ಹನ್ನೆರಡು ನಿಮಿಷ ‘ಹುಡುಕುತ್ತಿದೆ’ ಅಂತಲೇ ಇರುತ್ತೆ. ಬೆಂಗಳೂರು ಕಡೆ ಹೊರಟರೆ ಶಾಂತಿಗ್ರಾಮ ಬಂದ ಮೇಲೆ ಬಾಣ ಕಾಣಿಸುತ್ತೆ. ಶಿರಾಡಿ ಘಾಟಿ ಇಳಿಯುವಾಗಂತೂ ಕೇಳಲೇಬೇಡಿ. ನಾನು ರಸ್ತೆ ಮೇಲೆ, ಬಾಣ ಕೆಂಪುಹೊಳೆಯಲ್ಲಿ ಈಜ್ತಿರುತ್ತೆ. ಹೋದ ವಾರ ಮಂಗಳೂರು ಏರ್‌ಪೋರ್ಟ್ ಪಾರ್ಟಿ ಹತ್ತಿರ ಬೈಸಿಕೊಂಡೆ. ಸೆಟ್ ಹಾಕಿದ ಅಂಗಡಿಯವನು ‘ನೆಟ್‌ವರ್ಕ್ ಪ್ರಾಬ್ಲಮ್, ಬೇರೆ ಸಿಮ್ ಹಾಕಿ’ ಅಂತಾನೆ. ಎರಡು ಸಿಮ್ ಬದಲಾಯಿಸಿದ್ದೂ ಆಯ್ತು. ಸೆಟ್ಟೇ ಬದಲಾಯಿಸಬೇಕಾ?

ಉತ್ತರ (ಕಾರ್ ಎಲೆಕ್ಟ್ರಿಷಿಯನ್):
ಸೆಟ್ ಮಾತು ಆಮೇಲೆ. ಮೊದಲು ಮೂರು ವಿಷಯ ಹೇಳಿ. ಬೆಳಗ್ಗೆ ಸೆಟ್ ಆನ್ ಆದಾಗ ಗಡಿಯಾರ ಸರಿ ಇರುತ್ತಾ? ಆ್ಯಂಟೆನಾ ಎಲ್ಲಿ ಅಂಟಿಸಿದ್ದಾರೆ? ಅದೇ ಡ್ಯಾಶ್‌ಬೋರ್ಡ್ ಮೇಲೆ ನಿಮ್ಮ ಮೊಬೈಲ್ ಇಟ್ಟರೆ ಜಾಗ ಸರಿಯಾಗಿ ತೋರಿಸುತ್ತಾ?

ಟ್ಯಾಕ್ಸಿ ಚಾಲಕ:
ಗಡಿಯಾರ ದಿನಾ 12:00 ಅಂತ ಬರುತ್ತೆ, ಆಮೇಲೆ ತಾನೇ ಸರಿಹೋಗುತ್ತೆ. ರೇಡಿಯೊ ಸ್ಟೇಷನ್ನೂ ಮರೆತುಹೋಗುತ್ತೆ. ಮೊಬೈಲ್ ಕರೆಕ್ಟಾಗಿದೆ. ಆ್ಯಂಟೆನಾ ಎಲ್ಲಿಟ್ಟಿದ್ದಾನೋ ನೋಡಿಲ್ಲ ಅಣ್ಣ, ಹೊರಗಂತೂ ಕಾಣಿಸಲ್ಲ.

ಉತ್ತರ:
ಹಾಗಾದರೆ ಸೆಟ್ ಕೆಟ್ಟಿಲ್ಲ, ಸಿಮ್ಮಿಗೂ ಇದಕ್ಕೂ ಸಂಬಂಧ ಇಲ್ಲ. ಹಾಕಿದ ಕೈ ಎರಡು ಕಡೆ ತಪ್ಪಿದೆ.

ಮೊದಲನೆಯದು ವೈರಿಂಗ್. ಸೆಟ್ ಹಿಂದೆ ಹಳದಿ ವೈರ್ ಒಂದು, ಕೆಂಪು ಒಂದು ಇರುತ್ತೆ. ಹಳದಿಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟ್ ಬರಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಅರ್ಜೆಂಟಿನಲ್ಲಿ ಕೆಲವರು ಎರಡನ್ನೂ ಸೇರಿಸಿ ಕೀ ಲೈನಿಗೇ ಟೇಪ್ ಸುತ್ತಿಬಿಡುತ್ತಾರೆ. ಕೀ ತೆಗೆದ ತಕ್ಷಣ ಸೆಟ್ ಪೂರ್ತಿ ಸತ್ತು ಮಲಗುತ್ತೆ, ಗಡಿಯಾರ, ರೇಡಿಯೊ ಸ್ಟೇಷನ್, ಕೊನೆಗೆ ನಿಂತ ಜಾಗ ಎಲ್ಲಾ ಮರೆಯುತ್ತೆ. ಬೆಳಗ್ಗೆ ಎದ್ದಾಗ ಅದಕ್ಕೆ ಇವತ್ತು ಯಾವ ದಿನ, ತಾನು ಎಲ್ಲಿದ್ದೇನೆ, ತಲೆ ಮೇಲೆ ಯಾವ ಉಪಗ್ರಹ ಇದೆ, ಒಂದೂ ಗೊತ್ತಿರಲ್ಲ.

ಉಪಗ್ರಹ ಇರೋದು 20,200 ಕಿಲೋಮೀಟರ್ ಎತ್ತರದಲ್ಲಿ. ಅದು ತನ್ನ ವಿವರ ಕಳಿಸೋದು ಸೆಕೆಂಡಿಗೆ 50 ಬಿಟ್ ವೇಗದಲ್ಲಿ, ಅಂದರೆ ಆಮೆ ನಡಿಗೆ. ಒಂದು ಉಪಗ್ರಹದ ಪಥದ ವಿವರ ಪೂರ್ತಿ ಕೇಳಿಸಿಕೊಳ್ಳಲು ಸುಮಾರು 30 ಸೆಕೆಂಡ್ ಬೇಕು, ಮಧ್ಯೆ ತಪ್ಪಿದರೆ ಮುಂದಿನ ಸುತ್ತಿಗೆ ಕಾಯಬೇಕು. ಜಾಗ ಹೇಳಲು ಕಡಿಮೆ ಅಂದರೂ ಹೀಗೆ ನಾಲ್ಕು ಉಪಗ್ರಹ ಸಿಗಬೇಕು. ಎಲ್ಲಾ ಉಪಗ್ರಹಗಳ ಪಂಚಾಂಗ, ಅಂದರೆ ಯಾವುದು ಯಾವಾಗ ಸುಮಾರು ಎಲ್ಲಿರುತ್ತೆ ಅನ್ನೋ ಪಟ್ಟಿ, ಇಳಿಸಿಕೊಳ್ಳಲಂತೂ ಹನ್ನೆರಡೂವರೆ ನಿಮಿಷ. ಒಮ್ಮೆ ಕೇಳಿದ ಪಥದ ವಿವರ ಸುಮಾರು ನಾಲ್ಕು ಗಂಟೆ ನಡೆಯುತ್ತೆ. ಅದಕ್ಕೇ ವೈರಿಂಗ್ ಸರಿ ಇರೋ ಗಾಡಿ ನೀವು ಟೀ ಕುಡಿದು ಬಂದು ಕೀ ತಿರುಗಿಸಿದರೆ ಕ್ಷಣದಲ್ಲೇ ಜಾಗ ಹಿಡಿಯುತ್ತೆ, ನಿಮ್ಮದು ಪ್ರತಿ ಸಲ ಒಂದನೇ ಕ್ಲಾಸಿನಿಂದ ಶುರು. ಮೊಬೈಲ್ ಬೇಗ ಹಿಡಿಯೋದು ಆ ವಿವರವನ್ನು ಇಂಟರ್‌ನೆಟ್‌ನಿಂದ ತರಿಸಿಕೊಳ್ಳೋದರಿಂದ. ಸಿಮ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತೆ, ಮ್ಯಾಪ್ ಚಿತ್ರ ಹೊಸದಾಗಿ ಬರಲ್ಲ ಅಷ್ಟೆ.

ಪರೀಕ್ಷೆ ಸುಲಭ. ಕೀ ತೆಗೆದು ಮಲ್ಟಿಮೀಟರ್ ಹಿಡಿಯಿರಿ. ಹಳದಿಯಲ್ಲಿ 12 ವೋಲ್ಟಿನ ಮೇಲೆ ತೋರಿಸಬೇಕು, ಕೆಂಪಿನಲ್ಲಿ ಸೊನ್ನೆ.

ಎರಡನೆಯದು ಆ್ಯಂಟೆನಾ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಪ್ಪು ಚೌಕ, ಅಡಿಗೆ ಅಯಸ್ಕಾಂತ, ಮೂರು ಮೀಟರ್ ವೈರ್. ಅದು ಆಕಾಶ ನೋಡಬೇಕು. ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಮೂಲಕ ಸಿಗ್ನಲ್ ಬರುತ್ತೆ, ತಗಡಿನ ಮೂಲಕ ಬರಲ್ಲ. ಮುಂದಿನ ಗಾಜಿನ ಬುಡದಲ್ಲಿ, ಅಯಸ್ಕಾಂತದ ಕಡೆ ಕೆಳಗಾಗಿ ಇಡಿಸಿ. ಅಡಿಗೆ ಒಂದು ಚೂರು ತಗಡು ಇದ್ದರೆ ಇನ್ನೂ ಒಳ್ಳೇದು. ಮಿಕ್ಕ ವೈರನ್ನು ಚಕ್ಕುಲಿ ಸುತ್ತಿ ಕರೆಂಟ್ ವೈರಿನ ಜೊತೆ ಕಟ್ಟಬೇಡಿ. ಕೆಲವು ಸೆಟ್‌ಗಳಲ್ಲಿ 4ಜಿ ಆ್ಯಂಟೆನಾಕ್ಕೂ ಜಿಪಿಎಸ್‌ಗೂ ಒಂದೇ ಥರದ ತಿರುಪು ಇರುತ್ತೆ, ಅದಲುಬದಲಾಗಿದೆಯಾ ಅದನ್ನೂ ನೋಡಿಸಿ.

ಅಂದ ಹಾಗೆ ಡ್ಯಾಶ್‌ಕ್ಯಾಮ್ ಹಾಕಿದ್ದೀರಾ? ಅಗ್ಗದ ಡ್ಯಾಶ್‌ಕ್ಯಾಮ್, ಸಿಗಾರ್ ಸಾಕೆಟ್ಟಿನ ಅಗ್ಗದ ಚಾರ್ಜರ್ ಇವು ಮಾಡೋ ಗದ್ದಲ ಕಿವಿಗೆ ಕೇಳಿಸಲ್ಲ, ಜಿಪಿಎಸ್‌ಗೆ ಕೇಳಿಸುತ್ತೆ. ಉಪಗ್ರಹಗಳ ಸಿಗ್ನಲ್ ತೋರಿಸೋ ಆ್ಯಪ್ ಒಂದನ್ನು ಸೆಟ್‌ನಲ್ಲಿ ಹಾಕಿಕೊಳ್ಳಿ. ಬಯಲಲ್ಲಿ 35ರಿಂದ 45ರವರೆಗೆ ಅಂಕಿ ಬಂದರೆ ಒಳ್ಳೇದು, 25ರ ಕೆಳಗಾದರೆ ಕಷ್ಟ. ಚಾರ್ಜರ್ ಕಿತ್ತಾಗ ಅಂಕಿ ಏರಿದರೆ ಕಳ್ಳ ಸಿಕ್ಕಿದ ಹಾಗೆ.

ಪ್ರಶ್ನೆ (ಐಟಿ ಉದ್ಯೋಗಿ, ಬೆಂಗಳೂರು):
ಸರ್, ಇಲ್ಲೇ ನನ್ನದೂ ಕೇಳಿಬಿಡ್ತೀನಿ. ನಮ್ಮ ಕಾರಿನದು ಕಂಪನಿಯವರೇ ಕೊಟ್ಟ ನ್ಯಾವಿಗೇಷನ್. ಬೇಲೂರು ಚೆನ್ನಕೇಶವನ ದರ್ಶನಕ್ಕೆ ಅಂತ ಹೊರಟರೆ ‘ನೀವು ತಲುಪಿದ್ದೀರಿ’ ಅಂದಿದ್ದು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನಲ್ಲಿ! ಅತ್ತೆ ಇನ್ನೂ ನಗ್ತಿದ್ದಾರೆ. ಇದಕ್ಕೂ ಆ್ಯಂಟೆನಾ ನೋಡಿಸಬೇಕಾ?

ಉತ್ತರ:
ಬೇಡ ಮೇಡಂ. ನೀವು ಎಲ್ಲಿದ್ದೀರಿ ಅಂತ ಅದಕ್ಕೆ ಸರಿಯಾಗೇ ಗೊತ್ತಿತ್ತು, ಎಲ್ಲಿಗೆ ಹೋಗಬೇಕು ಅನ್ನೋದರಲ್ಲಿ ಎಡವಟ್ಟು. ಕನ್ನಡದಲ್ಲಿ ಬೇಲೂರು ಬೇರೆ, ಬೆಳ್ಳೂರು ಬೇರೆ, ಮಕ್ಕಳಿಗೂ ಗೊತ್ತಾಗುತ್ತೆ. ಇಂಗ್ಲಿಷ್‌ನಲ್ಲಿ ಬರೆದರೆ ದೀರ್ಘವೂ ಇಲ್ಲ, ‘ಳ’ವೂ ಇಲ್ಲ, ಇರೋ ವ್ಯತ್ಯಾಸ ಒಂದು ಎಲ್ ಅಕ್ಷರ. ಅದರ ಮೇಲೆ ಬೆಳ್ಳೂರು ಕ್ರಾಸ್ ನಿಮ್ಮ ದಾರಿಯಲ್ಲೇ ಬರೋದರಿಂದ ಅನುಮಾನವೂ ಬರಲಿಲ್ಲ. ಸಿದ್ದಾಪುರ ಅಂತ ಹಾಕಿದರೂ ಇದೇ ಪಾಡು: ಉತ್ತರ ಕನ್ನಡದಲ್ಲೊಂದು, ಕುಂದಾಪುರದ ಕಡೆ ಒಂದು, ಕೊಡಗಿನಲ್ಲೊಂದು. ಮೊಬೈಲ್ ಮ್ಯಾಪಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ. ಕಾರಿನ ಸೆಟ್ ಕನ್ನಡ ತಗೊಳ್ಳದಿದ್ದರೆ ಊರಿನ ಜೊತೆ ಜಿಲ್ಲೆ ನೋಡಿ, ಹೊರಡುವ ಮುಂಚೆ ಒಟ್ಟು ಎಷ್ಟು ಕಿಲೋಮೀಟರ್ ಅಂತ ಕಣ್ಣು ಹಾಯಿಸಿ.

ಅಕ್ಷಾಂಶ ರೇಖಾಂಶ ಹಾಕಿದರೆ ತಪ್ಪಲ್ಲ ಅಂತ ಕೆಲವರು ಹೇಳ್ತಾರೆ, ಅದನ್ನು ಪೂರ್ತಿ ನಂಬಬೇಡಿ. ಬೇಲೂರು ಇರೋದು 13 ಡಿಗ್ರಿ 9 ನಿಮಿಷ ಉತ್ತರ, 75 ಡಿಗ್ರಿ 51 ನಿಮಿಷ ಪೂರ್ವದ ಹತ್ತಿರ. ನಿಮಿಷವನ್ನು 60ರಿಂದ ಭಾಗಿಸಿ 13.15, 75.85 ಅಂತ ಹಾಕಬೇಕು. ಹಾಗೇ 13.9, 75.51 ಅಂತ ಒತ್ತಿದಿರೋ, ಶಿವಮೊಗ್ಗದ ಪಕ್ಕಕ್ಕೆ ಹೋಗಿ ಇಳೀತೀರಿ. ಅತ್ತೆಯವರಿಗೆ ಇನ್ನೊಂದು ವರ್ಷದ ನಗು.

ಪ್ರಶ್ನೆ (ಕ್ರೂಸರ್ ಚಾಲಕ, ಹುಬ್ಬಳ್ಳಿ):
ಅಣ್ಣಾರ, ನಮ್ದೂ ಒಂದು ಐತ್ರಿ. ಬೆಂಗಳೂರಿಗೆ ಬರೂ ಮುಂದ ಪೀಣ್ಯ ಫ್ಲೈಓವರ್ ಮ್ಯಾಲ ಹೊಂಟಿದ್ರ ಮ್ಯಾಪು ‘ಎಡಕ್ಕ ತಿರುಗ್ರಿ’ ಅಂತೈತಿ. ಎಲ್ಲಿ ತಿರುಗ್ಲಿ, ಗ್ವಾಡಿ ಹಾರ್ಲೇನ್ರೀ?

ಉತ್ತರ:
ಹಾರಬೇಡಿ ಯಜಮಾನ್ರೇ. ಮೇಲಿನ ರಸ್ತೆ, ಕೆಳಗಿನ ರಸ್ತೆ ಎರಡೂ ಮ್ಯಾಪಿನಲ್ಲಿ ಹೆಚ್ಚುಕಡಿಮೆ ಒಂದೇ ಗೆರೆ. ಎತ್ತರ ಅಳೆಯೋದರಲ್ಲಿ ಜಿಪಿಎಸ್ ಸ್ವಲ್ಪ ದಡ್ಡ, ಕೈಗೆ ಸಿಗೋ ಉಪಗ್ರಹ ಎಲ್ಲಾ ತಲೆ ಮೇಲೇ ಇರುತ್ತಲ್ಲ, ಕಾಲ ಕೆಳಗೆ ಒಂದೂ ಇಲ್ಲ. ಹಾಗಾಗಿ ಆ್ಯಪ್ ಊಹೆ ಮಾಡುತ್ತೆ. ಗೂಗಲ್ ಮ್ಯಾಪ್ಸ್ 2024ರಲ್ಲಿ ನಮ್ಮ ದೇಶದ ಊರುಗಳಿಗೆ ಫ್ಲೈಓವರ್ ಹತ್ತಬೇಕು ಅಂತ ಮುಂಚೆಯೇ ತೋರಿಸೋ ಸೌಲಭ್ಯ ತಂತು, ಆ್ಯಪ್ ಅಪ್‌ಡೇಟ್ ಮಾಡಿಕೊಳ್ಳಿ. ಹತ್ತುವ ಜಾಗದಲ್ಲಿ ಮಾತ್ರ ಹಸಿರು ಬೋರ್ಡ್ ನೋಡಿ ಹತ್ತಿ. ಇಳಿದ ಮೇಲೆ ಅದು ತಾನೇ ಸರಿಹೋಗುತ್ತೆ.

ಪ್ರಶ್ನೆ (ನಿವೃತ್ತ ಶಿಕ್ಷಕ, ಶಿವಮೊಗ್ಗ):
ಮಗ ಬಹಳ ವರ್ಷದ ಹಿಂದೆ ಅಮೆರಿಕದಿಂದ ತಂದುಕೊಟ್ಟ, ಗಾಜಿಗೆ ಅಂಟಿಸುವ ಜಿಪಿಎಸ್ ಒಂದಿದೆ. ಜಾಗ ಸರಿಯಾಗಿ ತೋರಿಸುತ್ತದೆ. ದಿನಾಂಕ ಮಾತ್ರ ಸುಮಾರು ಇಪ್ಪತ್ತು ವರ್ಷ ಹಿಂದಿನದು. ಬ್ಯಾಟರಿ ದೋಷವೇ?

ಉತ್ತರ:
ಬ್ಯಾಟರಿ ಅಲ್ಲ ಮೇಷ್ಟ್ರೇ, ಲೆಕ್ಕದ ದೋಷ. ಜಿಪಿಎಸ್ 1980ರ ಜನವರಿ 6ರಿಂದ ವಾರ ಎಣಿಸಿಕೊಂಡು ಬಂದಿದೆ, ಆದರೆ ಹಳೇ ಪದ್ಧತಿಯಲ್ಲಿ 1023ರ ಮೇಲೆ ಎಣಿಕೆ ಇಲ್ಲ. ಹಳೇ ಅಂಬಾಸಡರ್ ಮೀಟರ್ 99,999 ದಾಟಿ ಸೊನ್ನೆಗೆ ಬಂದ ಹಾಗೆ ಮತ್ತೆ ಮೊದಲಿಂದ ಶುರು. 1024 ವಾರ ಅಂದರೆ ಹತ್ತೊಂಬತ್ತು ವರ್ಷ ಏಳು ತಿಂಗಳು ಚಿಲ್ಲರೆ. ಮೊದಲ ಸಲ 1999ರ ಆಗಸ್ಟ್‌ನಲ್ಲಿ ತಿರುಗಿತು, ಎರಡನೇ ಸಲ 2019ರ ಏಪ್ರಿಲ್ 6ರಂದು. ತಯಾರಕರ ಸಾಫ್ಟ್‌ವೇರ್ ಅಪ್‌ಡೇಟ್ ಸಿಕ್ಕರೆ ಹಾಕಿಸಿ, ಸಿಗದಿದ್ದರೆ ದಿನಾಂಕಕ್ಕೆ ಕ್ಯಾಲೆಂಡರ್, ದಾರಿಗೆ ಅದು. ಹಿಂಬದಿ ಉಬ್ಬಿದ್ದರೆ ಮಾತ್ರ ಬಳಸಬೇಡಿ, ಅದು ನಿಜವಾಗಲೂ ಬ್ಯಾಟರಿ.

ಟ್ಯಾಕ್ಸಿ ಚಾಲಕ (ಮೂರು ದಿನದ ಮೇಲೆ):
ಅಣ್ಣ, ಬೇರೆ ಕಡೆ ಬಿಚ್ಚಿಸಿದೆ. ನೀವು ಹೇಳಿದ ಹಾಗೇ ಹಳದಿ, ಕೆಂಪು ಒಂದೇ ಗಂಟು. ಆ್ಯಂಟೆನಾ ಸೆಟ್ ಹಿಂದಿನ ಕಬ್ಬಿಣದ ಪಟ್ಟಿಯ ಕೆಳಗೆ ಬಾವಲಿ ಥರ ತಲೆಕೆಳಗಾಗಿ ನೇತಾಡ್ತಿತ್ತು! ಎರಡೂ ಸರಿ ಮಾಡಿದರು, ಮುನ್ನೂರು ರೂಪಾಯಿ ಆಯ್ತು. ಈಗ ಗೇಟು ದಾಟೋಷ್ಟರಲ್ಲಿ ಬಾಣ ಬರುತ್ತೆ. ಆದರೆ ನಿನ್ನೆ ಶಿರಾಡಿಯಲ್ಲಿ ಎರಡು ಸಲ ಮತ್ತೆ ಹೊಳೆ ಕಡೆ ವಾಲಿತು.

ಉತ್ತರ:
ಎರಡೇ ಸಲ ತಾನೇ, ಅಷ್ಟು ಬಿಡಿ. ಘಾಟಿಯಲ್ಲಿ ಒಂದು ಕಡೆ ಗುಡ್ಡ ಅರ್ಧ ಆಕಾಶ ಮುಚ್ಚುತ್ತೆ, ಮೇಲೆ ಒದ್ದೆ ಮರ, ಸಾಲದ್ದಕ್ಕೆ ಬಂಡೆಗೆ ಬಡಿದು ಬರೋ ಸಿಗ್ನಲ್ ಬೇರೆ. ಅಲ್ಲಿ ನನ್ನ ಗಾಡಿಯದೂ ವಾಲುತ್ತೆ. ಸಕಲೇಶಪುರದಲ್ಲಿ ನೆಟ್‌ವರ್ಕ್ ಇರುವಾಗಲೇ ಮುಂದಿನ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಇಳಿಯುವಾಗ ಬಾಣ ತಪ್ಪಿತು ಅಂತ ಸೆಟ್ ಆಫ್ ಮಾಡಿ ಆನ್ ಮಾಡಬೇಡಿ, ಗುಂಡ್ಯದ ಹತ್ತಿರ ಆಕಾಶ ಬಿಚ್ಚಿಕೊಂಡಾಗ ಅದೇ ದಡ ಸೇರುತ್ತೆ.